ಮೊದಲ ವರ್ಷದ ಸೈನ್ಸ್ ಕೋರ್ಸ್: ಹೇಗೆ ಆರಿಸಬೇಕು, ಹೇಗೆ ಓದಬೇಕು

ಸೈನ್ಸ್ ಕೋರ್ಸ್ ಆರಿಸುವಾಗ ತುಂಬಾ ಜನ ಕೇಳುವುದು ಯಾವುದು ಸುಲಭ ಅಂತ. ಅದಕ್ಕಿಂತ ಮೊದಲು ನಿಮ್ಮ ಗಣಿತ ಎಷ್ಟು ಗಟ್ಟಿ ಇದೆ ನೋಡಿಕೊಳ್ಳಿ. ಭೌತಶಾಸ್ತ್ರದಲ್ಲಿ ಎಷ್ಟೋ ಕಡೆ ಎರಡು ಬಗೆಯ ಕೋರ್ಸ್ ಇರುತ್ತದೆ, ಬೀಜಗಣಿತ ಗೊತ್ತಿದ್ದರೆ ಸಾಕು ಅನ್ನುವಂಥದ್ದು ಒಂದು, ಕ್ಯಾಲ್ಕುಲಸ್ ಬೇಕೇ ಬೇಕು ಅನ್ನುವಂಥದ್ದು ಇನ್ನೊಂದು. ಮುಂದೆ ಎಂಜಿನಿಯರಿಂಗ್ ಅಥವಾ ಭೌತಶಾಸ್ತ್ರವನ್ನೇ ಓದುವ ಮನಸ್ಸಿದ್ದರೆ ಎರಡನೆಯದಕ್ಕೇ ಹೋಗಿ. ಕ್ಯಾಲ್ಕುಲಸ್ ಇನ್ನೂ ಕೈಗೆ ಬಂದಿಲ್ಲವಾ? ಮೊದಲು ಅದನ್ನು ಕಲಿತು ಆಮೇಲೆ ಬನ್ನಿ, ತಡವಾದರೆ ಏನೂ ನಷ್ಟವಿಲ್ಲ. ರಸಾಯನಶಾಸ್ತ್ರಕ್ಕೆ ಅನುಪಾತ ಮತ್ತು ಲಾಗರಿದಮ್ ಬೇಕು. ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಜಾಸ್ತಿ. ಪಿಎಚ್ 5 ಇರುವ ದ್ರಾವಣಕ್ಕಿಂತ ಪಿಎಚ್ 3 ಇರುವುದು 100 ಪಟ್ಟು ಜಾಸ್ತಿ ಆಮ್ಲೀಯ ಅನ್ನುವುದು ಲಾಗ್ ಗೊತ್ತಿಲ್ಲದಿದ್ದರೆ ತಲೆಗೆ ಹೋಗುವುದೇ ಇಲ್ಲ. ಗಣಿತದ ಭಯಕ್ಕೆ ಜೀವಶಾಸ್ತ್ರ ತಗೊಳ್ಳುವವರೂ ಇದ್ದಾರೆ, ಆದರೆ ಅಲ್ಲಿ ನೆನಪಿಡಬೇಕಾದದ್ದು ರಾಶಿ ಇರುತ್ತದೆ, ತಳಿಶಾಸ್ತ್ರ ಬಂದಾಗ ಸಂಭವನೀಯತೆಯ ಲೆಕ್ಕವೂ ಬರುತ್ತದೆ.

ಲ್ಯಾಬ್ ಇರುವ ಎರಡು ಕೋರ್ಸನ್ನು ಮೊದಲ ಸೆಮಿಸ್ಟರಿನಲ್ಲೇ ಒಟ್ಟಿಗೆ ಹಾಕಿಕೊಳ್ಳಬೇಡಿ, ಆಯ್ಕೆ ನಿಮ್ಮ ಕೈಯಲ್ಲಿದ್ದರೆ. ಪ್ರಯೋಗಕ್ಕಿಂತ ರಿಪೋರ್ಟ್ ಬರೆಯುವುದೇ ಜಾಸ್ತಿ ಹೊತ್ತು ತಿನ್ನುತ್ತದೆ.

ಇನ್ನು ಓದುವ ವಿಷಯ. ಬಿಡಿಸಿಟ್ಟ ಲೆಕ್ಕವನ್ನು ಓದಿ ಅರ್ಥವಾಯಿತು ಅಂದುಕೊಳ್ಳುವುದು ದೊಡ್ಡ ಮೋಸ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಅದೇ ಲೆಕ್ಕ ಮಾಡಿ ನೋಡಿ, ಎಲ್ಲಿ ನಿಲ್ಲುತ್ತೀರೋ ಅಲ್ಲೇ ನಿಮಗೆ ಗೊತ್ತಿಲ್ಲದ್ದು ಇರುವುದು. ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇದೇ ಕಂಡಿತು: ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಒಂದು ವಾರ ಕಳೆದಾಗ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರೇ ಮುಂದೆ ಬಂದರು. ಪರೀಕ್ಷೆ ನಿಮಗೆ ಐದು ನಿಮಿಷಕ್ಕೆ ಬರುವುದಿಲ್ಲ, ಅಲ್ವಾ?

ಲೆಕ್ಕ ಮಾಡುವಾಗ ಅಳತೆಯ ಮಾನಗಳನ್ನು (ಯೂನಿಟ್) ಪ್ರತಿ ಸಾಲಿನಲ್ಲೂ ಬರೆಯಿರಿ. ಗಂಟೆಗೆ 72 ಕಿ.ಮೀ. ವೇಗದ ಕಾರು ಒಂದೇ ಸಮನೆ ವೇಗ ಕಳೆದುಕೊಂಡು 4 ಸೆಕೆಂಡಿನಲ್ಲಿ ನಿಂತಿತು, ಎಷ್ಟು ದೂರ ಹೋಗಿರುತ್ತದೆ? ಸರಾಸರಿ ವೇಗ 36, ಅದನ್ನು 4ರಿಂದ ಗುಣಿಸಿ 144 ಮೀಟರ್ ಅಂತ ಬರೆದು ಮುಂದೆ ಹೋಗುವವರು ಬೇಕಾದಷ್ಟು ಜನ. ಪಕ್ಕದಲ್ಲಿ ಕಿ.ಮೀ., ಗಂಟೆ, ಸೆಕೆಂಡ್ ಅಂತ ಬರೆದಿದ್ದರೆ ಗಂಟೆ ಮತ್ತು ಸೆಕೆಂಡ್ ಹೊಂದುವುದಿಲ್ಲ ಅಂತ ಕಣ್ಣಿಗೆ ಬೀಳುತ್ತಿತ್ತು. 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್, ಸರಾಸರಿ 10, ಉತ್ತರ 40 ಮೀಟರ್. ರಸಾಯನಶಾಸ್ತ್ರದಲ್ಲಿ ಗ್ರಾಮಿನಿಂದ, ಕಣಗಳನ್ನು ಎಣಿಸುವ ಮಾನವಾದ ಮೋಲ್‌ಗೆ ಹೋಗುವಾಗಲೂ ಇದೇ ಅಭ್ಯಾಸ ಕಾಪಾಡುತ್ತದೆ.

ಮೊದಲ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದರೆ ಉತ್ತರಪತ್ರಿಕೆ ಹಿಡಿದುಕೊಂಡು ಅದೇ ವಾರ ಮೇಷ್ಟ್ರ ಹತ್ತಿರ ಹೋಗಿ. ಸುಮ್ನೆ ‘ಅರ್ಥವಾಗಲಿಲ್ಲ ಸರ್’ ಅನ್ನಬೇಡಿ. ‘ಈ ಸಾಲಿನ ತನಕ ಬಂದೆ, ಇಲ್ಲಿಂದ ಮುಂದೆ ಹೋಗಲು ಗೊತ್ತಾಗಲಿಲ್ಲ’ ಅಂತ ತೋರಿಸಿ ಕೇಳಿ.