6 ಅಡಿ, 12 ಅಡಿ, 16 ಅಡಿ: ಸೆಂಟರ್‌ಗಳನ್ನು ನಾನು ಹೋಲಿಸಿ ನೋಡಿದ ಬಗೆ

ಹದಿನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸೆಂಟರ್ ಸ್ಥಾನದಲ್ಲಿ, ಎಂದರೆ ರಿಂಗಿನ ಹತ್ತಿರ ಆಡುವ ಎತ್ತರದ ಆಟಗಾರನಾಗಿ, ಆಡಿದ ನಾನು ಈಗ ಬೆಂಗಳೂರಿನಲ್ಲಿ ಶಾಲಾ ಹುಡುಗರಿಗೆ ಅದೇ ಸ್ಥಾನದ ಆಟವನ್ನು ಹೇಳಿಕೊಡುತ್ತಿದ್ದೇನೆ. ಒಂದು ಸಂಜೆ ಅಭ್ಯಾಸ ಮುಗಿಸಿ ಬೂಟು ಬಿಚ್ಚುತ್ತಿದ್ದ ಹುಡುಗನೊಬ್ಬ, "ಸರ್, ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದಿದ್ದಾರಲ್ಲ, ಹಾಗಾದರೆ ಯೋಕಿಚ್‌ಗಿಂತ ಅವರೇ ದೊಡ್ಡವರು ಅಲ್ಲವಾ?" ಎಂದು ಕೇಳಿದ. ಚೇಂಬರ್ಲೇನ್ 1960ರ ದಶಕದ ಅಮೆರಿಕದ ಸೆಂಟರ್, ನಿಕೋಲಾ ಯೋಕಿಚ್ ಈಗಿನ ಕಾಲದವರು. ಆ ಕಾಲವೇ ಬೇರೆ, ಅದನ್ನು ಇದಕ್ಕೆ ಹೋಲಿಸಬಾರದು ಎಂದು ಹೇಳಿ ಅವನನ್ನು ಸುಮ್ಮನಾಗಿಸಿದೆ. ಮನೆಗೆ ಬಂದ ಮೇಲೆ ಆ ಉತ್ತರ ನನಗೇ ಸರಿಕಾಣಲಿಲ್ಲ. ಕಾಲ ಬೇರೆ ಎನ್ನುವುದಾದರೆ ಎಷ್ಟು ಬೇರೆ, ಯಾವುದರಲ್ಲಿ ಬೇರೆ ಎಂಬುದನ್ನು ಹೇಳಬೇಕಾದದ್ದು ಕಲಿಸುವವನ ಕೆಲಸ. ಅದಾದ ಮೇಲೆ ಸುಮಾರು ಎರಡು ವರ್ಷ, ಬಿಡುವಾದಾಗಲೆಲ್ಲ, ನಾನು ಮಾಡಿದ್ದು ಈ ಲೆಕ್ಕವನ್ನೇ.

ಮೊದಲು ಅಂಕಿಗಳ ಪುಸ್ತಕವನ್ನು ಬದಿಗಿಟ್ಟು ಕೋರ್ಟನ್ನೇ ಅಳೆಯಲು ಹೊರಟೆ. ಸೆಂಟರ್ ಆಡುವುದು ರಿಂಗಿನ ಕೆಳಗಿನ, ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಬಾರದ, ನಾವು ಪೇಂಟ್ ಎಂದು ಕರೆಯುವ ಆವರಣದ ಅಂಚಿನಲ್ಲಿ. ಆ ಆವರಣದ ಅಗಲ ಬದಲಾದರೆ ಅವನ ಆಟವೇ ಬದಲಾಗುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಮೊದಲು ಅದರ ಅಗಲ ಕೇವಲ 6 ಅಡಿ ಇತ್ತು. ಮಿನಿಯಾಪೊಲಿಸ್ ಲೇಕರ್ಸ್ ತಂಡದ 6 ಅಡಿ 10 ಅಂಗುಲ ಎತ್ತರದ ಜಾರ್ಜ್ ಮೈಕನ್ ಅವರನ್ನು ತಡೆಯಲು ಯಾರಿಂದಲೂ ಆಗದೆ ಹೋದಾಗ 1951ರಲ್ಲಿ ಅದನ್ನು 12 ಅಡಿಗೆ ಹೆಚ್ಚಿಸಿದರು. ಚೇಂಬರ್ಲೇನ್ ಬಂದ ಮೇಲೆ, 1964ರಲ್ಲಿ, ಅದು 16 ಅಡಿಯಾಯಿತು, ಇಂದಿಗೂ ಅಷ್ಟೇ ಇದೆ.

ಇದನ್ನು ಓದಿ ತಿಳಿಯುವುದಕ್ಕೂ ಕಾಲಿನ ಕೆಳಗೆ ಅನುಭವಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಸಿಮೆಂಟ್ ಕೋರ್ಟಿನ ಮೇಲೆ ಅಳತೆ ಪಟ್ಟಿ ಹಿಡಿದು, ಸೀಮೆಸುಣ್ಣದಲ್ಲಿ ಮೂರೂ ಅಗಲಗಳ ಗೆರೆಗಳನ್ನು ಒಂದರೊಳಗೊಂದು ಎಳೆದೆ. ತಂಡದ ಅತಿ ಎತ್ತರದ ಹುಡುಗನನ್ನು 6 ಅಡಿಯ ಗೆರೆಯ ಹೊರಗೆ ರಿಂಗಿಗೆ ಬೆನ್ನು ಮಾಡಿ ನಿಲ್ಲಿಸಿ ಚೆಂಡು ಕೊಟ್ಟಾಗ, ಅವನು ಅಡ್ಡಕ್ಕೆ ಅಳೆದರೆ ರಿಂಗಿನ ನಡುವಿನಿಂದ ಬರೀ 3 ಅಡಿ ದೂರದಲ್ಲಿದ್ದ. ಒಂದೇ ತಿರುವು, ಚೆಂಡನ್ನು ನೆಲಕ್ಕೆ ಪುಟಿಸುವ ಡ್ರಿಬಲ್ ಇಲ್ಲ, ಕೈ ಎತ್ತಿದರೆ ಬೋರ್ಡು. ಅವನ ಬೆನ್ನ ಹಿಂದೆ ನಿಂತಿದ್ದ ಹುಡುಗನಿಗೆ ಕೈ ಮೇಲೆತ್ತುವಷ್ಟು ಸಮಯವೂ ಸಿಗಲಿಲ್ಲ. 12 ಅಡಿಯ ಗೆರೆಗೆ ಸರಿದಾಗ ತಿರುಗುವ ಮುನ್ನ ಒಂದು ಹೆಜ್ಜೆ ಬೇಕಾಯಿತು. 16 ಅಡಿಯ ಗೆರೆಯಲ್ಲಿ ಒಂದು ಡ್ರಿಬಲ್ ಹಾಕದೆ ಗತಿಯಿರಲಿಲ್ಲ, ಮತ್ತು ಆ ಒಂದು ಡ್ರಿಬಲ್ ಆಗುವಷ್ಟರಲ್ಲಿ ಪಕ್ಕದಲ್ಲಿದ್ದ ಎದುರಾಳಿ ಗಾರ್ಡ್ (ಹೊರಗಡೆ ಆಡುವ ಆಟಗಾರ) ಬಂದು ಚೆಂಡಿಗೆ ಕೈ ಹಾಕಿದ. ಮೈಕನ್, ಚೇಂಬರ್ಲೇನ್, ಅವರ ನಂತರದ ಕಾಲದ ಶಕೀಲ್ ಓನೀಲ್ ಈ ಮೂವರೂ ಒಂದೇ ಸ್ಥಾನದ ಆಟಗಾರರು ಎಂದು ಕಾಗದದಲ್ಲಿ ಬರೆಯುತ್ತೇವೆ, ಆದರೆ ರಿಂಗ್ ಅವರಿಂದ ಇದ್ದ ದೂರ ಒಂದೇ ಆಗಿರಲಿಲ್ಲ.

ನನ್ನ ಆಟವನ್ನು ನಾನೇ ಅರ್ಥಮಾಡಿಕೊಂಡದ್ದೂ ಆ ಬೆಳಿಗ್ಗೆಯೇ. ನಾವು ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮದಲ್ಲಿ ಆಡುತ್ತಿದ್ದಾಗ ಪೇಂಟಿನ ಆಕಾರ ಟ್ರಪೀಜಿಯಂ ಆಗಿತ್ತು: ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯಲ್ಲಿ 3.6 ಮೀಟರ್, ರಿಂಗಿನ ಹಿಂದಿನ ಅಂತ್ಯರೇಖೆಯ ಬಳಿ 6 ಮೀಟರ್. ಎಂದರೆ ಅಂತ್ಯರೇಖೆಯ ಹತ್ತಿರ ನಿಂತ ಸೆಂಟರ್ ರಿಂಗಿನ ನಡುವಿನಿಂದ ಸುಮಾರು 10 ಅಡಿ ದೂರ. 2010ರಲ್ಲಿ ಫೀಬಾ ಅದನ್ನು ಎನ್‌ಬಿಎಯಂತೆ ಆಯತವಾಗಿ ಬದಲಿಸಿತು. ಯುರೋಪಿನ ಹಳೆಯ ತಲೆಮಾರಿನ ಎತ್ತರದ ಆಟಗಾರರು ಪಾಸ್ ಮಾಡುವುದನ್ನೂ ದೂರದಿಂದ ಎಸೆಯುವುದನ್ನೂ ಏಕೆ ಅಷ್ಟು ಚೆನ್ನಾಗಿ ಕಲಿತಿದ್ದರು ಎಂಬುದಕ್ಕೆ ಆ ಓರೆ ಗೆರೆಯೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಗೆರೆಗಳಾದ ಮೇಲೆ ಗಡಿಯಾರ. 24 ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮ ಬಂದದ್ದು 1954ರಲ್ಲಿ. ಅದಕ್ಕೆ ಮುಂಚೆ, 1950ರ ನವೆಂಬರ್ 22ರಂದು, ಫೋರ್ಟ್ ವೇನ್ ತಂಡ ಲೇಕರ್ಸ್ ವಿರುದ್ಧ ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ಕಾಲ ತಳ್ಳಿ 19–18ರಿಂದ ಗೆದ್ದಿತು. ಲೇಕರ್ಸ್‌ನ 18 ಅಂಕಗಳಲ್ಲಿ 15 ಮೈಕನ್ ಅವರವು. ಆ ದಿನದ 15 ಅಂಕವನ್ನು ಇಂದಿನ 15 ಅಂಕದ ಪಕ್ಕದಲ್ಲಿಟ್ಟರೆ ಏನೂ ತಿಳಿಯುವುದಿಲ್ಲ. ಇದಕ್ಕೆ ಪೂರಾ ವಿರುದ್ಧವಾಗಿ, ಚೇಂಬರ್ಲೇನ್ 100 ಅಂಕ ಗಳಿಸಿದ 1961–62ರ ಋತುವಿನಲ್ಲಿ ಒಂದೊಂದು ತಂಡವೂ ಪಂದ್ಯಕ್ಕೆ ಸುಮಾರು 108 ಬಾರಿ ಎಸೆಯುತ್ತಿತ್ತು, ಅವುಗಳಲ್ಲಿ ನೂರಕ್ಕೆ 43ಕ್ಕಿಂತ ಕಡಿಮೆ ಒಳಗೆ ಬೀಳುತ್ತಿದ್ದವು. ಎಸೆತ ಹೆಚ್ಚು, ತಪ್ಪೂ ಹೆಚ್ಚು, ಆದ್ದರಿಂದ ರೀಬೌಂಡ್, ಎಂದರೆ ಒಳಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವ ಅವಕಾಶ, ಇನ್ನೂ ಹೆಚ್ಚು. ತಂಡಕ್ಕೆ ಪಂದ್ಯವೊಂದಕ್ಕೆ ಸರಾಸರಿ 71 ರೀಬೌಂಡ್! ಈಗ ಅದು 44ರ ಆಸುಪಾಸು.

ಹೀಗಾಗಿ ನಾನು ಅಂಕಿಯನ್ನು ಬಿಟ್ಟು ಪಾಲನ್ನು ಲೆಕ್ಕ ಹಾಕಿದೆ. ಒಬ್ಬ ಸೆಂಟರ್ ಕೋರ್ಟಿನಲ್ಲಿದ್ದ ಹೊತ್ತಿನಲ್ಲಿ ಎರಡೂ ಕಡೆ ಸೇರಿ ಸಾಮಾನ್ಯವಾಗಿ ಸಿಗಬಹುದಾಗಿದ್ದ ರೀಬೌಂಡ್‌ಗಳಲ್ಲಿ ಅವನ ಕೈಗೆ ಬಂದದ್ದೆಷ್ಟು? ಚೇಂಬರ್ಲೇನ್ ಆ ಋತುವಿನಲ್ಲಿ ಪಂದ್ಯಕ್ಕೆ 25.7 ರೀಬೌಂಡ್ ಹಿಡಿದರು, ಲೀಗಿನ ಸರಾಸರಿಯಂತೆ ಎರಡೂ ತಂಡಕ್ಕೆ ಸೇರಿ ಸಿಗುತ್ತಿದ್ದ ರೀಬೌಂಡ್‌ಗಳಲ್ಲಿ ಅದು ನೂರಕ್ಕೆ 18. ಯೋಕಿಚ್ 2024–25ರಲ್ಲಿ ಹಿಡಿದದ್ದು 12.7, ಆದರೆ ಅವರು ಆಡುವ ನಿಮಿಷಗಳನ್ನು ಗಮನಿಸಿದರೆ ಅವರ ಪಾಲು ನೂರಕ್ಕೆ 19ರ ಸಮೀಪ. ಮೊದಲ ಬಾರಿ ಈ ಉತ್ತರ ಬಂದಾಗ ಗುಣಾಕಾರ ತಪ್ಪಿರಬೇಕೆಂದು ಮತ್ತೆ ಎರಡು ಸಲ ಮಾಡಿ ನೋಡಿದೆ. ಹಾಗಾದರೆ ಚೇಂಬರ್ಲೇನ್ ಅವರ ದೊಡ್ಡತನ ಎಲ್ಲಿ ಉಳಿಯಿತು ಎಂದರೆ, ನಿಮಿಷಗಳಲ್ಲಿ. 48 ನಿಮಿಷದ ಆಟದಲ್ಲಿ ಅವರ ಸರಾಸರಿ 48.5 ನಿಮಿಷ, ಹೆಚ್ಚುವರಿ ಸಮಯದ ಆಟವೂ ಅದರಲ್ಲಿ ಸೇರಿದೆ. ಬೇರೆಯವರು 37 ನಿಮಿಷದಲ್ಲಿ ಕಾಪಾಡಿಕೊಳ್ಳುವ ಪಾಲನ್ನು ಬಹುತೇಕ ಕೂರದೆಯೇ ಇಡೀ ಋತು ಕಾಪಾಡಿಕೊಳ್ಳುವುದು ಎಂತಹ ಶ್ರಮ ಎಂಬುದು, ನಾಲ್ಕನೇ ಕ್ವಾರ್ಟರಿನಲ್ಲಿ ಎದುರಾಳಿಯನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡಲು ತೊಡೆ ಏಳದ ಸ್ಥಿತಿಯನ್ನು ಕಂಡವರಿಗೆ ಗೊತ್ತಾಗುತ್ತದೆ.

ಅಂಕಗಳಿಗೂ ಹೀಗೇ ಮಾಡಿದೆ. ಚೇಂಬರ್ಲೇನ್ ಅವರ ಸರಾಸರಿ 50.4, ಆಗ ಒಂದು ತಂಡದ ಸರಾಸರಿ 118.8. ಶಕೀಲ್ ಓನೀಲ್ ಅವರ ಉತ್ತಮ ಋತುವಾದ 1999–2000ದಲ್ಲಿ ತಂಡದ ಸರಾಸರಿ 97.5ಕ್ಕೆ ಇಳಿದಿತ್ತು. ಅದೇ ಪ್ರಮಾಣದಲ್ಲಿ ಇಳಿಸಿದರೆ 50.4 ಎಂಬುದು 41ರ ಹತ್ತಿರ ಬರುತ್ತದೆ. ಓನೀಲ್ ಅವರಂತೆ 40 ನಿಮಿಷ ಮಾತ್ರ ಆಡಿದ್ದರೆ ಸುಮಾರು 34. ಓನೀಲ್ ಗಳಿಸಿದ್ದು 29.7. ಅಂತರ ಇದೆ, ಆದರೆ ಪುಸ್ತಕ ತೋರಿಸುವ 20 ಅಂಕದ ಅಂತರವಲ್ಲ. ಗುರಿಯ ನಿಖರತೆಯಲ್ಲಿ ಓನೀಲ್ ಅವರೇ ಮುಂದೆ: ನೂರಕ್ಕೆ 57.4, ಲೀಗಿನ ಸರಾಸರಿಗಿಂತ 12ಕ್ಕೂ ಹೆಚ್ಚು ಮೇಲೆ. ಚೇಂಬರ್ಲೇನ್ ಅವರದು 50.6, ತಮ್ಮ ಕಾಲದ ಸರಾಸರಿಗಿಂತ 8ರಷ್ಟು ಮೇಲೆ.

ಈ ವಿಧಾನ ಬಿಲ್ ರಸೆಲ್ ಅವರ ಮುಂದೆ ನಿಂತುಹೋಯಿತು. 13 ಋತುಗಳಲ್ಲಿ 11 ಬಾರಿ ಚಾಂಪಿಯನ್ ಆದ ಆಟಗಾರನ ಸರಾಸರಿ ಅಂಕ 15.1, ಗುರಿ ನೂರಕ್ಕೆ 44. ಅವರು ಪಂದ್ಯಗಳನ್ನು ಗೆದ್ದುಕೊಟ್ಟದ್ದು ಬ್ಲಾಕ್‌ಗಳಿಂದ, ಎಂದರೆ ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವುದರಿಂದ. ಆದರೆ ಎನ್‌ಬಿಎ ಬ್ಲಾಕ್‌ಗಳನ್ನು ಅಧಿಕೃತವಾಗಿ ಎಣಿಸಲು ಶುರುಮಾಡಿದ್ದು ಅವರು ನಿವೃತ್ತರಾದ ನಾಲ್ಕು ವರ್ಷಗಳ ನಂತರ, 1973–74ರ ಋತುವಿನಿಂದ. ನಾನು ಉಳಿದಿರುವ ಹಳೆಯ ಚಿತ್ರಣಗಳನ್ನು ಹುಡುಕಿ ನೋಡಲು ಕುಳಿತೆ. ಮೊದಲ ಸಲ ಚೆಂಡನ್ನೇ ನೋಡುತ್ತಿದ್ದೆ, ಏನೂ ವಿಶೇಷ ಕಾಣಲಿಲ್ಲ. ಎರಡನೇ ಸಲ ಚೆಂಡನ್ನು ಮರೆತು ಅವರ ಕಾಲುಗಳನ್ನು ಮಾತ್ರ ನೋಡಿದೆ. ಎದುರಾಳಿ ಗಾರ್ಡ್ ಆಚೆ ಬದಿಯಿಂದ ನುಗ್ಗುವ ಮೊದಲೇ ಅವರ ಬಲಗಾಲು ತಮ್ಮ ಎದುರಾಳಿಯನ್ನು ಬಿಟ್ಟು ಒಳಕ್ಕೆ ತಿರುಗಿರುತ್ತದೆ. ರಿಂಗಿನ ಬಳಿ ಬಂದು ಎಸೆಯುವ ಲೇ-ಅಪ್ ಕೈಬಿಡುವ ಹೊತ್ತಿಗೆ ಎಡಗೈ ಅಲ್ಲಿರುತ್ತದೆ, ಮತ್ತು ಆ ಕೈ ಚೆಂಡನ್ನು ಪ್ರೇಕ್ಷಕರತ್ತ ಬಡಿಯುವುದಿಲ್ಲ. ಮೆಲ್ಲನೆ ಮೇಲಕ್ಕೆ ತಟ್ಟುತ್ತದೆ, ಚೆಂಡು ಕೋರ್ಟಿನೊಳಗೇ ಉಳಿದು ತಂಡದವರ ಕೈ ಸೇರುತ್ತದೆ, ಆಟ ಅಲ್ಲಿಂದಲೇ ಆಚೆ ಕಡೆಗೆ ಓಡುತ್ತದೆ. ಹೊರಗೆ ಬಡಿದ ಬ್ಲಾಕ್‌ನಿಂದ ಎದುರಾಳಿಗೆ ಚೆಂಡು ಮರಳಿ ಸಿಗುತ್ತದೆ, ಒಳಗೆ ತಟ್ಟಿದ ಬ್ಲಾಕ್‌ನಿಂದ ಅದು ನಮ್ಮದಾಗುತ್ತದೆ. ಇಂದಿಗೂ ಅಂಕಪಟ್ಟಿಯಲ್ಲಿ ಎರಡಕ್ಕೂ ಒಂದೇ ಬೆಲೆ. ಆ ಚಿತ್ರಣಗಳಲ್ಲಿ ನಾನು ಬ್ಲಾಕ್‌ಗಳನ್ನು ಎಣಿಸಿದ್ದೂ ಉಂಟು, ಆದರೆ ಉಳಿದಿರುವುದು ಕೆಲವೇ ಪಂದ್ಯಗಳು, ಅವೂ ಬಹುಮಟ್ಟಿಗೆ ದೊಡ್ಡ ಪಂದ್ಯಗಳು. ಅವುಗಳಿಂದ ಸರಾಸರಿ ಕಟ್ಟುವುದು ತಪ್ಪಾಗುತ್ತದೆ ಎಂದು ಆ ಎಣಿಕೆಯನ್ನು ಹೋಲಿಕೆಗೆ ಬಳಸಲಿಲ್ಲ.

ಅಂಕಿಗಳು ಕೈಕೊಟ್ಟ ಕಡೆ ನಾನು ಸರಪಳಿಯ ದಾರಿ ಹಿಡಿದೆ. ಬೇರೆ ಬೇರೆ ಕಾಲದ ಇಬ್ಬರು ಎದುರುಬದುರಾಗಿ ಆಡಿರದಿದ್ದರೂ ಇಬ್ಬರನ್ನೂ ಎದುರಿಸಿದ ಮೂರನೆಯವರು ಇರುತ್ತಾರೆ. ಕರೀಂ ಅಬ್ದುಲ್ ಜಬ್ಬಾರ್ 1969ರಿಂದ 1989ರವರೆಗೆ, 20 ಋತು ಆಡಿದರು. ಶುರುವಿನಲ್ಲಿ ಚೇಂಬರ್ಲೇನ್, ಕೊನೆಯಲ್ಲಿ ಹಕೀಂ ಒಲಾಜುವಾನ್ ಅವರ ಎದುರಾಳಿಗಳಾಗಿದ್ದರು. ಒಲಾಜುವಾನ್ 1995ರ ಫೈನಲ್‌ನಲ್ಲಿ ಓನೀಲ್ ಅವರನ್ನು ಎದುರಿಸಿದರು. ಸರಪಳಿ ಚೆನ್ನಾಗಿದೆ ಎಂದು ಸಂತೋಷಪಟ್ಟು ಬರೆಯುತ್ತಾ ಹೋದವನಿಗೆ ವಯಸ್ಸುಗಳನ್ನು ಪಕ್ಕದಲ್ಲಿ ಬರೆದುಕೊಂಡಾಗ ಎಚ್ಚರವಾಯಿತು. 1972ರ ಪ್ಲೇಆಫ್‌ನಲ್ಲಿ ಚೇಂಬರ್ಲೇನ್ ಎದುರು ಜಬ್ಬಾರ್ ಪಂದ್ಯಕ್ಕೆ 33ಕ್ಕೂ ಹೆಚ್ಚು ಅಂಕ ಗಳಿಸಿದರು, ಗೆದ್ದದ್ದು ಮಾತ್ರ ಚೇಂಬರ್ಲೇನ್ ಅವರ ತಂಡ. ಆಗ ಜಬ್ಬಾರ್‌ಗೆ 25, ಚೇಂಬರ್ಲೇನ್‌ಗೆ 35. 1986ರಲ್ಲಿ ಒಲಾಜುವಾನ್ ಅವರ ಹ್ಯೂಸ್ಟನ್ ತಂಡ ಜಬ್ಬಾರ್ ಅವರ ಲೇಕರ್ಸ್ ತಂಡವನ್ನು ಐದೇ ಪಂದ್ಯದಲ್ಲಿ ಮುಗಿಸಿದಾಗ ಒಲಾಜುವಾನ್‌ಗೆ 23, ಜಬ್ಬಾರ್‌ಗೆ 39. ಇವೆರಡೂ ಕೊಂಡಿಗಳು ಯುವಕನ ಕಡೆಗೇ ವಾಲಿವೆ. 1995 ಹಾಗಲ್ಲ. 32ರ ಒಲಾಜುವಾನ್ 23ರ ಓನೀಲ್ ಎದುರು ಸರಾಸರಿ 32.8 ಅಂಕ ಗಳಿಸಿದರು, ಓನೀಲ್ 28, ಸರಣಿ 4–0. ವಯಸ್ಸಿನ ಲಾಭ ಇನ್ನೊಬ್ಬರ ಕಡೆಗಿದ್ದಾಗ ಬಂದ ಫಲಿತಾಂಶಕ್ಕೆ ನನ್ನ ಲೆಕ್ಕದಲ್ಲಿ ಹೆಚ್ಚು ತೂಕ ಕೊಟ್ಟಿದ್ದೇನೆ. ಮೈಕನ್ ಮತ್ತು ರಸೆಲ್ ನಡುವೆ ನೇರ ಕೊಂಡಿಯೇ ಇಲ್ಲ: ಒಬ್ಬರು ಆಟ ನಿಲ್ಲಿಸಿದ 1956ರಲ್ಲೇ ಇನ್ನೊಬ್ಬರು ಲೀಗಿಗೆ ಬಂದರು.

ಈ ಎಲ್ಲ ಕೆಲಸದ ನಂತರ ನನ್ನ ಅಭಿಪ್ರಾಯ ಎರಡು ಕವಲಾಗಿ ಒಡೆಯಿತು. ತಮ್ಮ ಕಾಲದ ಇತರರಿಗಿಂತ ಎಷ್ಟು ಮುಂದಿದ್ದರು ಎಂದು ಕೇಳಿದರೆ ಮೈಕನ್, ರಸೆಲ್, ಚೇಂಬರ್ಲೇನ್ ಮೊದಲ ಸಾಲಿನವರು. ನಿಯಮಗಳನ್ನೇ ಬದಲಿಸಬೇಕಾಗಿ ಬಂದದ್ದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ನಾನು ಎಳೆದ ಮೂರು ಗೆರೆಗಳಲ್ಲಿ ಯಾವುದರ ಮೇಲೆ ನಿಲ್ಲಿಸಿದರೂ, ಝೋನ್ (ಆಟಗಾರನ ಬದಲು ಜಾಗವನ್ನು ಕಾಯುವ ರಕ್ಷಣೆ) ಇರಲಿ ಇಲ್ಲದಿರಲಿ, ಮೂರು ಅಂಕದ ಗೆರೆ ಇರಲಿ ಇಲ್ಲದಿರಲಿ, ಅದೇ ಆಟ ಆಡಬಲ್ಲವರು ಯಾರು ಎಂದು ಕೇಳಿದರೆ ನಾನು ಒಲಾಜುವಾನ್ ಹೆಸರು ಹೇಳುತ್ತೇನೆ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್ ಆಡಿ ಬೆಳೆದ ಅವರ ಕಾಲುಗಳಿಗೆ ರಿಂಗ್ 3 ಅಡಿ ದೂರವೋ 8 ಅಡಿ ದೂರವೋ ಎಂಬುದು ಅಷ್ಟು ಮುಖ್ಯವಾಗುತ್ತಿರಲಿಲ್ಲ. ಓನೀಲ್ ವಿಷಯದಲ್ಲಿ ನನಗೆ ಆ ಧೈರ್ಯವಿಲ್ಲ. ಎನ್‌ಬಿಎ 2001ರಲ್ಲಿ ಝೋನ್ ರಕ್ಷಣೆಗೆ ಅನುಮತಿ ಕೊಡುವವರೆಗೆ ಅವರಿಗೆ ಚೆಂಡು ಬರುವ ಮೊದಲೇ ಒಬ್ಬ ಮುಂದೆ, ಒಬ್ಬ ಹಿಂದೆ ನಿಂತು ಕಾಯುವುದು ನಿಯಮಕ್ಕೆ ವಿರುದ್ಧವಾಗಿತ್ತು. ನಾವು ಇಲ್ಲಿ ಝೋನ್ ಎದುರೇ ಆಡಿ ಬೆಳೆದವರು, ಚೆಂಡು ಕೈಗೇ ಬರದೆ ಪೇಂಟಿನ ಅಂಚಿನಲ್ಲಿ ಕೈ ಎತ್ತಿಕೊಂಡು ನಿಂತ ಸೆಂಟರ್‌ನ ಬವಣೆ ನನಗೆ ಗೊತ್ತು.

ಯೋಕಿಚ್ ಬಗ್ಗೆ ನನ್ನ ಮನಸ್ಸು ಈ ಎರಡು ವರ್ಷದಲ್ಲಿ ಬದಲಾಯಿತು. ಹಾರಲಾಗದ ಸೆಂಟರ್ ಹಿಂದಿನ ಕಾಲದಲ್ಲಿ ಉಳಿಯುತ್ತಿರಲಿಲ್ಲ ಎಂದು ನಾನು ನಂಬಿದ್ದೆ. ಆಮೇಲೆ ಅವರು ಚೆಂಡನ್ನು ಎಲ್ಲಿ ಪಡೆಯುತ್ತಾರೆ ಎಂಬುದನ್ನು ಪಂದ್ಯದ ಮೇಲೆ ಪಂದ್ಯ ಕಾಗದದ ಕೋರ್ಟಿನ ಮೇಲೆ ಚುಕ್ಕೆ ಇಡುತ್ತಾ ಗುರುತಿಸಿದೆ. ಬಹುಪಾಲು ಚುಕ್ಕೆಗಳು ರಿಂಗಿನ ಕೆಳಗೆ ಬೀಳದೆ ಫ್ರೀ ಥ್ರೋ ಗೆರೆಯ ಎರಡು ತುದಿಗಳಲ್ಲಿ ಮತ್ತು ಅದರ ಮೇಲೆ ಗುಂಪುಗೂಡಿದವು. ಅಲ್ಲಿಂದ 2024–25ರಲ್ಲಿ ಪಂದ್ಯಕ್ಕೆ 10.2 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್), ಜೊತೆಗೆ 29.6 ಅಂಕ. ಸೆಂಟರ್ ಪಾಸ್ ಕೊಡುವುದು ಹೊಸದೇನಲ್ಲ, 1967–68ರಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟವರು ಅದೇ ಚೇಂಬರ್ಲೇನ್. ಆದರೆ ಅವರು ನಿಂತ ಕೋರ್ಟಿನಲ್ಲಿ ಮೂರು ಅಂಕದ ಗೆರೆಯಿರಲಿಲ್ಲ, ಅದು ಬಂದದ್ದು 1979ರಲ್ಲಿ. ದೂರದಿಂದ ಎಸೆದದ್ದಕ್ಕೆ ಹೆಚ್ಚು ಅಂಕವಿರಲಿಲ್ಲ, ಹಾಗಾಗಿ ಹತ್ತು ಜನರೂ ರಿಂಗಿನ ಸುತ್ತಲೇ ತುಂಬಿಕೊಂಡಿರುತ್ತಿದ್ದರು, ಪಾಸ್ ಹೋಗುವ ಸಂದಿ ಇಕ್ಕಟ್ಟಾಗಿತ್ತು. ಆ ಇಕ್ಕಟ್ಟಿನಲ್ಲಿ ಪಂದ್ಯಕ್ಕೆ 8.6 ಅಸಿಸ್ಟ್ ಕೊಟ್ಟದ್ದನ್ನು ನಾನು ಅವರ 100 ಅಂಕಕ್ಕಿಂತ ಹೆಚ್ಚು ಮೆಚ್ಚುತ್ತೇನೆ.

ಪ್ರಶ್ನೆ ಕೇಳಿದ್ದ ಹುಡುಗನಿಗೆ ಈ ಕಾಗದಗಳನ್ನೆಲ್ಲ ಕೊಟ್ಟೆ. ಅವನು ಬಹಳ ಹೊತ್ತು ನೋಡಿ, "ಹಾಗಾದರೆ ರಸೆಲ್ ಅವರ ಬ್ಲಾಕ್‌ಗಳನ್ನು ಲೆಕ್ಕಕ್ಕೆ ತರುವುದು ಹೇಗೆ, ಸರ್?" ಎಂದು ಕೇಳಿದ. ಈಗ ನಮ್ಮ ಅಭ್ಯಾಸ ಪಂದ್ಯಗಳ ಅಂಕಪಟ್ಟಿಯಲ್ಲಿ ಬ್ಲಾಕ್‌ಗೆ ಎರಡು ಮನೆಗಳನ್ನು ಗೀಚಿದ್ದೇವೆ, ಚೆಂಡು ಹೊರಗೆ ಹೋದದ್ದಕ್ಕೆ ಒಂದು, ನಮ್ಮ ಕೈಗೆ ಬಂದದ್ದಕ್ಕೆ ಇನ್ನೊಂದು. ಬರೆದುಕೊಳ್ಳುವ ಕೆಲಸ ಅವನದೇ.