ಬಾವಿ ಇಣುಕಿದ ಹಾಗೆ

"ಏನಪ್ಪಾ, ಬಾವಿ ಇಣುಕಿದಂಗೆ ಇಣುಕ್ತೀಯಲ್ಲ, ಒಳಗೇನೈತಿ?" ಚಿತ್ರದುರ್ಗದ ಕೋಟೆ ಬಾಗಿಲ ಹತ್ತಿರ ಶೇಂಗಾ ಮಾರುವ ಅಜ್ಜಿಯೊಬ್ಬರು ಕೇಳಿದರು. ಕ್ಯಾಮೆರಾವನ್ನು ಅವರ ಕೈಗೇ ಕೊಟ್ಟೆ.

ನನ್ನದು ಯಾಶಿಕಾ ಮ್ಯಾಟ್ 124ಜಿ ಅನ್ನೋ ಹಳೇ ಫಿಲ್ಮ್ ಕ್ಯಾಮೆರಾ. ಎರಡು ಲೆನ್ಸ್: ಮೇಲಿನದು ನಾವು ನೋಡೋಕೆ, ಕೆಳಗಿನದು ಫಿಲ್ಮ್‌ಗೆ. ಹೊಟ್ಟೆ ಹತ್ತಿರ ಹಿಡಿದು ತಲೆ ಬಗ್ಗಿಸಿದರೆ, ಎದುರಿಗಿರುವುದೆಲ್ಲ ಚೌಕದ ಗಾಜಿನ ಮೇಲೆ ಬಂದು ಕೂತಿರುತ್ತದೆ. ಎಡ ಬಲಕ್ಕೆ, ಬಲ ಎಡಕ್ಕೆ. ಅಜ್ಜಿ ನೋಡಿದರು. ಮೊಮ್ಮಗನನ್ನು ಕರೆದು ಅವನಿಗೂ ತೋರಿಸಿದರು.

ನಾನು ಮನಸೋತದ್ದೂ ಆ ಗಾಜಿಗೇ. ಡಿಜಿಟಲ್‌ನಲ್ಲಿ ಕೋಟೆ ಹತ್ತಿ ಇಳಿಯುವಷ್ಟರಲ್ಲಿ ಮುನ್ನೂರು ಫೋಟೋ ತೆಗೆಯುತ್ತಿದ್ದೆ. ಇದರಲ್ಲಿ ರೋಲಿಗೆ ಹನ್ನೆರಡೇ. ಒನಕೆ ಓಬವ್ವನ ಕಿಂಡಿ ಮುಂದೆ ಅರ್ಧ ಗಂಟೆ ನಿಂತು, ಕಲ್ಲಿನ ಮೇಲೆ ನೆರಳು ಜಾರುವುದನ್ನು ನೋಡಿ, ಒಂದೂ ತೆಗೆಯದೆ ಬಂದದ್ದುಂಟು. ಬೇಜಾರೇನೂ ಆಗಲಿಲ್ಲ.

ಇದಕ್ಕೆ ಹಾಕುವ 120 ಅನ್ನೋ ಅಗಲದ ಫಿಲ್ಮ್ 1901ರಿಂದಲೂ ಇದೆ. ನನ್ನ ಕ್ಯಾಮೆರಾದಲ್ಲಿ ಒಂದೊಂದು ನೆಗೆಟಿವ್ ಸುಮಾರು 56 ಮಿ.ಮೀ. ಚೌಕ. ಮಾಮೂಲಿ 35 ಎಂಎಂ ಫಿಲ್ಮಿನದು 24×36. ಅಂದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ದುರ್ಗದ ಬಂಡೆಗೆ ಇಷ್ಟು ಜಾಗ ಬೇಕು. ದೊಡ್ಡದು ಮಾಡಿದರೂ ಕಲ್ಲಿನ ಹರಳು ಹರಳಾಗೇ ಉಳಿಯುತ್ತದೆ, ಬಿಸಿಲಿಂದ ನೆರಳಿಗೆ ಬೂದು ಬಣ್ಣ ಮೆಲ್ಲಗೆ ಇಳಿಯುತ್ತದೆ.

ಬಿಸಿಲಿನ ಲೆಕ್ಕ ಸುಲಭ. ಬೆಳಕಿನ ಚುರುಕು (ಐಎಸ್ಒ) 400 ಇರುವ ಫಿಲ್ಮ್, ನೆತ್ತಿ ಸುಡುವ ಬಿಸಿಲು: ಲೆನ್ಸಿನ ಕಿಂಡಿ ಕಿರಿದಾಗಿ ಎಫ್ 16, ಶಟರ್ ತೆರೆಯುವುದು ಸೆಕೆಂಡಿನ 500ರಲ್ಲಿ ಒಂದು ಪಾಲು. ಕಷ್ಟ ಇರುವುದು ರೋಲ್ ಬಿಚ್ಚುವಾಗ. ಮೊದಲ ರೋಲನ್ನು ಬಟಾಬಯಲಲ್ಲಿ ನಿಂತು ಹೊರಗೆ ತೆಗೆದೆ. ಸುತ್ತು ಸಡಿಲವಾಗಿತ್ತು, ಅಂಚಿಂದ ಬೆಳಕು ನುಗ್ಗಿ ನಾಲ್ಕು ಫ್ರೇಮ್ ಹಾಳಾದವು. ಈಗ ನೆರಳಿಗೆ ಹೋಗುತ್ತೇನೆ. ಹೆಬ್ಬೆರಳಿಂದ ಫಿಲ್ಮಿನ ಬೆನ್ನಿಗಿರುವ ಕಾಗದ ಒತ್ತಿ ಹಿಡಿದು, ಅಂಟಿನ ಪಟ್ಟಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ, ಬಿಗಿಯಾಗಿ ಅಂಟಿಸಿ ಜೇಬಿಗೆ.

ಫಿಲ್ಮ್ ತೊಳೆಯುವುದು ಮನೆಯಲ್ಲೇ. ಬೇಸಿಗೆಯಲ್ಲಿ ನಮ್ಮ ನಲ್ಲಿ ನೀರು ಮೈ ತೊಳೆಯೋಕೆ ಸರಿ, ಫಿಲ್ಮ್‌ಗಲ್ಲ. ಬಕೆಟ್ಟಿಗೆ ಐಸ್ ಹಾಕಿ, ಅದರಲ್ಲಿ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣದ ಬಾಟಲಿ ಇಟ್ಟು, 20 ಡಿಗ್ರಿಗೆ ಇಳಿಯುವವರೆಗೂ ಕಾಯುತ್ತೇನೆ. ಎಚ್‌ಪಿ5 ಫಿಲ್ಮ್‌ಗೆ ಐಡಿ-11 ಅನ್ನೋ ಡೆವಲಪರನ್ನು ಸಮ ನೀರು ಬೆರೆಸಿ ಹಾಕಿದರೆ 13 ನಿಮಿಷ.

ಅಜ್ಜಿಯ ಫೋಟೋವನ್ನೂ ಹೀಗೇ ತೊಳೆದೆ. ತೆಗೆಯುವಾಗ ನಾನು ತಲೆ ಬಗ್ಗಿಸಿದ್ದೆ, ಕಣ್ಣಿಗೆ ಕಣ್ಣು ಕೊಟ್ಟಿರಲಿಲ್ಲ. ಅದಕ್ಕೇ ಅವರು ಬಿಗಿಯಾಗದೆ ಪಾವು ತುಂಬಿಸುತ್ತಾ ಮಾತಾಡುತ್ತಲೇ ಇದ್ದರು. ಶಟರ್ ಸದ್ದು 'ಟಿಕ್' ಅಂದದ್ದೂ ಕೇಳಿಸಲಿಲ್ಲ ಅಂತ ಕಾಣುತ್ತೆ. ಒದ್ದೆ ನೆಗೆಟಿವನ್ನು ಕಿಟಕಿಗೆ ಹಿಡಿದೆ. ಬುಟ್ಟಿಯಲ್ಲಿದ್ದ ಶೇಂಗಾ ಸಿಪ್ಪೆಯ ಗೆರೆಗಳನ್ನು ಎಣಿಸಬಹುದಿತ್ತು.