ಬುಲೆಟ್, ಕ್ಲಾಸಿಕ್‌ನಲ್ಲಿ ದೂರದ ಪ್ರಯಾಣ: ಲಗೇಜ್ ಕಟ್ಟೋದರಲ್ಲೇ ಇದೆ ಅರ್ಧ ಕೆಲಸ

ಶನಿವಾರ ಬೆಳಗ್ಗೆ ತುಮಕೂರು ರಸ್ತೆಯ ಯಾವುದಾದರೂ ಟಿಫಿನ್ ಹೋಟೆಲ್ ಮುಂದೆ ನಿಂತು ನೋಡಿ. ಸಾಲಾಗಿ ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350, ಬುಲೆಟ್, ಹೋಂಡಾ ಸಿಬಿ 350, ಜಾವಾ. ಗಾಡಿಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಅವುಗಳ ಮೇಲೆ ಹೇರಿದ ಲಗೇಜ್ ನೋಡಿದರೆ ಮಾತ್ರ ಎದೆ ಝಲ್ ಎನ್ನುತ್ತದೆ. ಸೀಟಿನ ತುದಿಯಲ್ಲಿ ತಲೆಯೆತ್ತರದ ಟ್ರೆಕ್ಕಿಂಗ್ ಬ್ಯಾಗು. ಅದನ್ನು ಹಿಡಿದಿರುವುದು ತುದಿಗೆ ಕೊಕ್ಕೆಯಿರುವ, ಎಳೆದರೆ ಹಿಗ್ಗುವ ಎರಡೇ ಎರಡು ಬಂಜಿ ಹಗ್ಗ. ಒಂದರ ತುದಿ ಚೈನ್ ಪಕ್ಕದಲ್ಲಿ ಜೋತಾಡುತ್ತಿರುತ್ತದೆ.

ಇಂಥ ಗಾಡಿಯಲ್ಲಿ ದೂರ ಹೋಗಬಹುದಾ, ದೂರದ ಒರಟು ದಾರಿಗೆಂದೇ ಮಾಡಿದ ಅಡ್ವೆಂಚರ್ ಬೈಕೇ ಬೇಕಾ ಅಂತ ತುಂಬ ಜನ ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ನಮ್ಮ ಹಿಂದಿನ ತಲೆಮಾರಿನವರು ಊರೂರು ಸುತ್ತಿದವರೇ. ನೆಟ್ಟಗೆ ಕೂರುವ ಭಂಗಿ, ಅಗಲದ ಸೀಟು, ಕಡಿಮೆ ವೇಗದಲ್ಲೇ ಸಿಗುವ ಎಳೆತ, ಇಷ್ಟೇ ದೂರದ ದಾರಿಗೆ ಬೇಕಾದದ್ದು. 2021ರಲ್ಲಿ ಬಂದ ಹೊಸ ಕ್ಲಾಸಿಕ್ 350ಯನ್ನೇ ತೆಗೆದುಕೊಳ್ಳಿ. 349 ಸಿಸಿ ಎಂಜಿನ್, ಸುಮಾರು 20 ಬಿಎಚ್‌ಪಿ ಶಕ್ತಿ, 4000 ಆರ್‌ಪಿಎಂನಲ್ಲೇ 27 ನ್ಯೂಟನ್ ಮೀಟರ್ ಎಳೆತ, 13 ಲೀಟರ್ ಟ್ಯಾಂಕು. ಗಾಡಿಯ ತೂಕ 195 ಕೆಜಿ. ಈ ಕೊನೆಯ ಅಂಕಿಯನ್ನು ನೆನಪಿಡಿ. ಇಷ್ಟು ಭಾರದ ಗಾಡಿಗೆ ನೀವು ಸೇರಿಸುವ ಒಂದೊಂದು ಕೆಜಿ ಎಲ್ಲಿ ಕೂರುತ್ತದೆ ಅನ್ನೋದೇ ಈ ಲೇಖನದ ಮುಖ್ಯ ವಿಷಯ.

ಹಂತ 1: ಸರ್ವೀಸ್, ಒಂದು ವಾರ ಮೊದಲೇ

ಹೊರಡುವ ಹಿಂದಿನ ದಿನ ಸರ್ವೀಸ್ ಮಾಡಿಸಬೇಡಿ. ಬಿಗಿಯಾಗದೆ ಉಳಿದ ಬೋಲ್ಟು, ಸರಿಯಾಗಿ ಕೂರದ ಬ್ರೇಕ್ ಪ್ಯಾಡು ಇದ್ದರೆ ಆಫೀಸಿಗೆ ಓಡಾಡುವಾಗಲೇ ಗೊತ್ತಾಗಲಿ. ಎಂಜಿನ್ ಆಯಿಲ್, ಬ್ರೇಕ್, ಕ್ಲಚ್ ಕೇಬಲ್, ಬ್ಯಾಟರಿ ನೋಡಿಸಿದರೆ ಸಾಕು. ಜತೆಗೆ ಒಂದು ಹೊಸ ಕ್ಲಚ್ ಕೇಬಲ್ ಕೊಂಡು, ಈಗಿರುವ ಕೇಬಲ್‌ನ ಪಕ್ಕದಲ್ಲೇ ಅದೇ ದಾರಿಯಲ್ಲಿ ಎಳೆದು, ಎರಡು ತುದಿಗೂ ಟೇಪು ಸುತ್ತಿ ಕಟ್ಟಿಡಿ. ದಾರಿಯಲ್ಲಿ ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಗೋಜಿಲ್ಲ. ತುದಿಗಳನ್ನು ಬದಲಾಯಿಸಿದರೆ ಆಯಿತು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಅದು ಎಲ್ಲೂ ಎಳೆಯಬಾರದು, ಎಂಜಿನ್ನಿಗೂ ತಾಗಬಾರದು.

ಇದೇ ಸಮಯದಲ್ಲಿ ಜೋರು ಸದ್ದಿನ ಸೈಲೆನ್ಸರ್ ಹಾಕಿಸೋಣ ಅನ್ನುವ ಗೆಳೆಯರಿದ್ದರೆ ಬೇಡ ಅನ್ನಿ. ಅದು ಕಾನೂನಿಗೆ ವಿರುದ್ಧ ಅನ್ನುವುದು ಒಂದು ಕಡೆ. ಆರು ಗಂಟೆ ಆ ಸದ್ದು ಕೇಳಿದ ಮೇಲೆ ತಲೆ ಸೋತು, ರಸ್ತೆಯ ಮೇಲೆ ಗಮನವೇ ನಿಲ್ಲುವುದಿಲ್ಲ.

ಹಂತ 2: ಚೈನ್ ಮತ್ತು ಟೈರು

ಚೈನನ್ನು ಪೆಟ್ರೋಲ್‌ನಲ್ಲಿ ತೊಳೆಯಬೇಡಿ. ಒಳಗಿರುವ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್‌ನಿಂದ ಒರೆಸಿ, ಚೈನ್ ಲ್ಯೂಬ್ ಇಲ್ಲವೇ 90 ನಂಬರಿನ ಗೇರ್ ಆಯಿಲ್ ಹಚ್ಚಿ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಲ್ಯೂಬ್ ಅಂದುಕೊಂಡು ಹೊಡೆಯುವವರಿದ್ದಾರೆ. ಅದು ಇದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ಗ್ರೀಸ್ ಅಂತೂ ಬೇಡವೇ ಬೇಡ, ರಸ್ತೆಯ ಮರಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಟೈರಿನ ಗಾಳಿ ಎಷ್ಟು ಅಂತ ಬಂಕ್ ಹುಡುಗನನ್ನು ಕೇಳಬೇಡಿ. ಗಾಡಿಯ ಪುಸ್ತಕದಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಬೇರೆಬೇರೆ ಕೊಟ್ಟಿರುತ್ತಾರೆ. ಲಗೇಜ್ ತುಂಬಿದ ಗಾಡಿಗೆ ಇಬ್ಬರ ಲೆಕ್ಕವೇ ಸರಿ. ಟೈರು ತಣ್ಣಗಿದ್ದಾಗ, ಬೆಳಗ್ಗೆಯೇ ಹಾಕಿಸಿ.

ಹಂತ 3: ಲಗೇಜ್ ಕಟ್ಟುವುದು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಿಂದಿನ ಚಕ್ರದ ಅಚ್ಚಿಗಿಂತ ಹಿಂದಕ್ಕೆ ಭಾರ ಹೋದಷ್ಟೂ ಮುಂದಿನ ಚಕ್ರ ಹಗುರವಾಗುತ್ತದೆ. ಮುಂದಿನ ಚಕ್ರ ಹಗುರವಾದರೆ 80ರ ವೇಗದಲ್ಲಿ, ಪಕ್ಕದಲ್ಲಿ ಬಸ್ಸು ದಾಟಿ ಹೋದಾಗ, ಹ್ಯಾಂಡಲ್ ಓಲಾಡತೊಡಗುತ್ತದೆ. ಜನ ಆಗ ಗಾಡಿಯನ್ನು ಬೈಯುತ್ತಾರೆ. ತಪ್ಪು ಗಾಡಿಯದ್ದಲ್ಲ, ಹಿಂದಿನ ಕ್ಯಾರಿಯರ್ ಮೇಲೆ ಕಟ್ಟಿದ ಹದಿನೈದು ಕೆಜಿ ಬ್ಯಾಗಿನದ್ದು.

ನಿಯಮ ಸರಳ. ಭಾರದ್ದು ಕೆಳಗೆ, ಮುಂದಕ್ಕೆ. ಹಗುರದ್ದು ಮೇಲೆ, ಹಿಂದಕ್ಕೆ. ಟೂಲ್ಸ್, ಟ್ಯೂಬು, ಆಯಿಲ್ ಡಬ್ಬಿ, ಬೀಗ, ಚಾರ್ಜರ್‌ಗಳು ಸೀಟಿನ ಎರಡೂ ಬದಿಗೆ ಇಳಿಬೀಳುವ ಸ್ಯಾಡಲ್ ಬ್ಯಾಗಿನ ತಳದಲ್ಲಿ, ನಿಮ್ಮ ಕಾಲಿನ ಕಡೆಗೆ. ಬಟ್ಟೆ, ಟವೆಲ್, ಮಲಗುವ ಚೀಲ ಸೀಟಿನ ಮೇಲಿನ ಬ್ಯಾಗಿನಲ್ಲಿ. ಒಬ್ಬರೇ ಹೋಗುವುದಾದರೆ ಹಿಂದಿನ ಸೀಟೇ ಲಗೇಜಿನ ಜಾಗ. ಆ ಬ್ಯಾಗನ್ನು ಅಡ್ಡಡ್ಡ ಮಲಗಿಸಿ, ನಿಮ್ಮ ಸೊಂಟಕ್ಕೆ ತಾಗುವಷ್ಟು ಮುಂದಕ್ಕೆ ತಂದು ಕಟ್ಟಿ. ನಿಲ್ಲಿಸಿ ಕಟ್ಟಬೇಡಿ. ಸಂಜೆ ಹೊತ್ತಿಗೆ ಬೆನ್ನಿಗೂ ಅದೇ ಆಸರೆ.

ಕ್ಲಾಸಿಕ್‌ನಲ್ಲಿ ಸೈಲೆನ್ಸರ್ ಇರುವುದು ಬಲಗಡೆ. ಎರಡೂ ಕಡೆಯ ಅಪಾಯ ಬೇರೆಬೇರೆ. ಬಲಗಡೆ ಬ್ಯಾಗಿನ ತಳಕ್ಕೂ ಸೈಲೆನ್ಸರಿಗೂ ನಾಲ್ಕು ಬೆರಳು ಅಂತರ ಇರಲೇಬೇಕು. ಅದೂ ಬ್ಯಾಗು ಖಾಲಿ ಇದ್ದಾಗ ಅಲ್ಲ, ತುಂಬಿ ಇಳಿಬಿದ್ದ ಮೇಲೆ. ಮಳೆ ಕವರ್ ಹಾಕಿದ ಮೇಲೆ ಮತ್ತೊಮ್ಮೆ ನೋಡಿ. ಮೊದಲು ಕರಗಿ ಅಂಟಿಕೊಳ್ಳುವುದು ಆ ತೆಳು ಕವರೇ. ಎಡಗಡೆ ಬ್ಯಾಗು ಒಳಕ್ಕೆ ತೂಗಿ ಚಕ್ರಕ್ಕೆ ಸಿಗದಂತೆ ತಡೆಯಲು ಸ್ಯಾಡಲ್ ಸ್ಟೇ ಅನ್ನುವ ಕಬ್ಬಿಣದ ಕಂಬಿ ಸಿಗುತ್ತದೆ. ಸ್ಟೇ ಇಲ್ಲದೆ ಮೆತ್ತನೆಯ ಸ್ಯಾಡಲ್ ಬ್ಯಾಗ್ ಹಾಕಲೇಬೇಡಿ. ಎರಡೂ ಬ್ಯಾಗುಗಳನ್ನು ಕೈಯಲ್ಲಿ ಎತ್ತಿ ನೋಡಿ, ಭಾರ ಹೆಚ್ಚು ಕಡಿಮೆ ಸಮ ಇರಲಿ.

ಬಂಜಿ ಹಗ್ಗದ ಬಗ್ಗೆ ನನ್ನದು ಒಂದೇ ಮಾತು: ಬೇಡ. ಕೊಕ್ಕೆ ಜಾರಿದರೆ ಕಣ್ಣಿಗೇ ಬಡಿಯುತ್ತದೆ. ಹಂಪ್ ಬಂದಾಗಲೆಲ್ಲ ಅದು ಹಿಗ್ಗಿ ಬ್ಯಾಗನ್ನು ಸರಿಯಲು ಬಿಡುತ್ತದೆ. ಬಕಲ್ ಇರುವ ಚಪ್ಪಟೆ ಪಟ್ಟಿ ನಾಲ್ಕು ಕೊಳ್ಳಿ. ಪಟ್ಟಿಯನ್ನು ಚೌಕಟ್ಟಿಗೆ ಅಥವಾ ಕ್ಯಾರಿಯರ್ ಕಂಬಿಗೆ ಕಟ್ಟಿ, ಇಂಡಿಕೇಟರ್ ಕಾಂಡಕ್ಕಲ್ಲ. ಉಳಿದ ತುದಿಯನ್ನು ಸುರುಳಿ ಸುತ್ತಿ ಪಟ್ಟಿಯೊಳಗೇ ಸಿಕ್ಕಿಸಿ, ಮೇಲೆ ಟೇಪು ಹಾಕಿ. ಗಾಳಿಗೆ ಹಾರುವ ಒಂದು ಗೇಣು ಪಟ್ಟಿ ಚಕ್ರಕ್ಕೆ ಸುತ್ತಿಕೊಂಡರೆ ಹಿಂದಿನ ಚಕ್ರ ಅಲ್ಲೇ ಕಚ್ಚಿ ನಿಲ್ಲುತ್ತದೆ.

ಪೆಟ್ರೋಲ್ ಟ್ಯಾಂಕಿನ ಮೇಲೆ ಆಯಸ್ಕಾಂತದಿಂದ ಕೂರುವ ಟ್ಯಾಂಕ್ ಬ್ಯಾಗ್ ಇಡುವವರು ಮೊದಲು ಟ್ಯಾಂಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಆಯಸ್ಕಾಂತದ ಕೆಳಗೆ ಒಂದು ಮರಳ ಕಣ ಸಿಕ್ಕರೂ ಬಣ್ಣಕ್ಕೆ ಗೀರು ಗ್ಯಾರಂಟಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಾರ್ನ್ ತಾನಾಗೇ ಒತ್ತಿಕೊಳ್ಳುತ್ತಾ ನೋಡಿ.

ಮಳೆ ಕವರ್ ನಂಬಬೇಡಿ. ಆಗುಂಬೆಯ ಜುಲೈ ಮಳೆಗೆ ಅದು ಯಾವ ಲೆಕ್ಕ? ನೀರು ತಡೆಯಬೇಕಾದದ್ದು ಬ್ಯಾಗಿನ ಒಳಗೆ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ಹಾಕಿ, ಬಾಯಿ ತಿರುಚಿ ಮಡಿಸಿ ರಬ್ಬರ್ ಬ್ಯಾಂಡ್ ಹಾಕಿ. ನೂರು ರೂಪಾಯಿ ಒಳಗೆ ಮುಗಿಯುವ ಕೆಲಸ.

ಹಾಗೇ ಲಡಾಕ್ ಕ್ಯಾರಿಯರ್ ಬಗ್ಗೆಯೂ ಹೇಳಿಬಿಡುತ್ತೇನೆ. ಪೆಟ್ರೋಲ್ ಕ್ಯಾನ್ ಇಡಲು ಎರಡೂ ಬದಿ ಚೌಕಟ್ಟಿರುವ ಆ ದಪ್ಪ ಕಬ್ಬಿಣ ನಮ್ಮ ರಾಜ್ಯದೊಳಗೆ ಓಡಾಡಲು ಬೇಕಿಲ್ಲ. ಚಿತ್ರದುರ್ಗ, ಹಂಪಿ, ಚಿಕ್ಕಮಗಳೂರು, ಕಾರವಾರ ಎಲ್ಲಿ ಹೋದರೂ ದಾರಿಯಲ್ಲಿ ಬಂಕ್ ಸಿಗುತ್ತದೆ. ಸುಮ್ನೆ ಭಾರ.

ಎಲ್ಲ ಕಟ್ಟಿದ ಮೇಲೆ ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ನಿಂತು ನೋಡಿ. ಹಿಂದಿನ ದೀಪ, ಎರಡೂ ಇಂಡಿಕೇಟರ್, ನಂಬರ್ ಪ್ಲೇಟ್ ಕಾಣಬೇಕು.

ಹಂತ 4: ಭಾರಕ್ಕೆ ತಕ್ಕಂತೆ ಗಾಡಿ ಹೊಂದಿಸುವುದು

ಇದನ್ನು ಮಾಡುವವರೇ ಕಡಿಮೆ. ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ಸ್ಪ್ರಿಂಗ್ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿವೆ. ಕೊಕ್ಕೆ ಸ್ಪ್ಯಾನರ್‌ನಿಂದ ಒಂದೋ ಎರಡೋ ಮೆಟ್ಟಿಲು ಬಿಗಿ ಮಾಡಿ. ಎರಡೂ ಕಡೆ ಒಂದೇ ಮೆಟ್ಟಿಲಲ್ಲಿರಬೇಕು. ಆಮೇಲೆ ನೀವು ಗಾಡಿ ಮೇಲೆ ಕೂತು, ಇನ್ನೊಬ್ಬರಿಗೆ ಚೈನಿನ ಸಡಿಲ ನೋಡಲು ಹೇಳಿ. ಖಾಲಿ ಗಾಡಿಯಲ್ಲಿ ಸರಿಯಿದ್ದ ಚೈನ್ ಭಾರ ಬಿದ್ದಾಗ ಬಿಗಿಯಾಗುತ್ತದೆ. ಹಿಂಭಾಗ ಕುಸಿದರೆ ಹೆಡ್‌ಲೈಟ್ ಮೇಲಕ್ಕೆ ಹೋಗಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ಇಳಿಸಿ.

ಕೊನೆಗೆ ಖಾಲಿ ಮೈದಾನದಲ್ಲಿ, ಆರ್‌ಟಿಒ ಪರೀಕ್ಷೆಯಲ್ಲಿ ಹಾಕಿದಂತೆ ನಾಲ್ಕು ಸಲ ಎಂಟು ಹಾಕಿ. ಲಗೇಜ್ ಸರಿಯುವುದಿದ್ದರೆ ಅಲ್ಲೇ ಸರಿಯುತ್ತದೆ. ಹೊರಟ ದಿನ ಮೊದಲ 30 ಕಿ.ಮೀ. ಆದ ಮೇಲೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿ ಮಾಡಿ.

ಹಂತ 5: ಓಡಿಸುವುದು

ಹೆದ್ದಾರಿಯಲ್ಲಿ 80ರ ಆಸುಪಾಸು ಸಾಕು. ಒಂದೇ ಸಿಲಿಂಡರಿನ ಈ ಎಂಜಿನ್ 100ಕ್ಕೂ ಹೋಗುತ್ತದೆ. ಆದರೆ ಆ ವೇಗದಲ್ಲಿ ಎದೆಗೆ ಗಾಳಿ, ಕೈಗೆ ನಡುಕ, ಟ್ಯಾಂಕಿನಲ್ಲಿ ಪೆಟ್ರೋಲ್ ಬೇಗ ಖಾಲಿ. ದಿನಕ್ಕೆ 300ರಿಂದ 350 ಕಿ.ಮೀ. ಹಾಕಿಕೊಳ್ಳಿ, ಘಾಟಿ ದಾರಿಯಾದರೆ 200. ಗಂಟೆಗೊಮ್ಮೆ ಇಳಿದು ನಡೆಯಿರಿ. 250 ಕಿ.ಮೀ. ಆಗುತ್ತಿದ್ದಂತೆ ಟ್ಯಾಂಕ್ ತುಂಬಿಸಿ.

ಘಾಟಿ ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಆಗುಂಬೆಯ 14 ತಿರುವುಗಳನ್ನು ಬರೀ ಬ್ರೇಕಿನಲ್ಲಿ ಇಳಿದವರ ಗಾಡಿ ಸೋಮೇಶ್ವರದ ಹತ್ತಿರ ನಿಂತಾಗ ಡಿಸ್ಕ್ ಸುಟ್ಟ ವಾಸನೆ ಬರುತ್ತಿರುತ್ತದೆ. ಎರಡನೇ ಗೇರಿನಲ್ಲಿ ಈ ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ.

ದಾರಿಯ ನಿಯಮಗಳೂ ಗೊತ್ತಿರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಊಟಿ, ವಯನಾಡಿನಿಂದ ವಾಪಸ್ ಬರುವವರು ಸಂಜೆಯೇ ಲೆಕ್ಕ ಹಾಕಿಕೊಳ್ಳಿ.

ಹಂತ 6: ಪಂಚರ್

ಕಡ್ಡಿ ಚಕ್ರದ ಗಾಡಿಯಾದರೆ ಒಳಗೆ ಟ್ಯೂಬು ಇರುತ್ತದೆ, ಟ್ಯೂಬಿಲ್ಲದ ಟೈರಿಗೆ ಬಳಸುವ ಟ್ಯೂಬ್‌ಲೆಸ್ ಪಂಚರ್ ಕಿಟ್ ಕೆಲಸಕ್ಕೆ ಬಾರದು. ಕ್ಲಾಸಿಕ್‌ಗೆ ಮುಂದಿನ 19 ಇಂಚು, ಹಿಂದಿನ 18 ಇಂಚು ಎರಡೂ ಟ್ಯೂಬ್ ಇಟ್ಟುಕೊಳ್ಳಿ. ಹಳ್ಳಿಯ ಪಂಚರ್ ಅಂಗಡಿಯಲ್ಲಿ ಕೈಚಳಕ ಇರುತ್ತದೆ, ನಿಮ್ಮ ಅಳತೆಯ ಟ್ಯೂಬ್ ಇರುವುದಿಲ್ಲ. ಚಕ್ರದ ಅಚ್ಚಿನ ನಟ್ಟಿಗೆ ಹೊಂದುವ ಸ್ಪ್ಯಾನರ್ ನಿಮ್ಮಲ್ಲಿದೆಯಾ ಅಂತ ಮನೆಯಲ್ಲೇ ಹಾಕಿ ನೋಡಿ.

ಹಂತ 7: ವಾಪಸ್ ಬಂದ ಮೇಲೆ

ಕರಾವಳಿ ಕಡೆ ಹೋಗಿ ಬಂದಿದ್ದರೆ ಮಾರನೇ ದಿನವೇ ಗಾಡಿ ತೊಳೆಯಿರಿ. ಉಪ್ಪಿನ ಗಾಳಿ ಕ್ರೋಮ್ ಮತ್ತು ಕಡ್ಡಿಗಳನ್ನು ಬೇಗ ತಿನ್ನುತ್ತದೆ. ಪ್ರೆಶರ್ ನೀರನ್ನು ಚಕ್ರದ ಬೇರಿಂಗ್, ಚೈನ್ ಮೇಲೆ ನೇರ ಹೊಡೆಸಬೇಡಿ. ಒಣಗಿದ ಮೇಲೆ ಚೈನಿಗೆ ಎಣ್ಣೆ ಹಾಕಿ. ಶಾಕ್ ಅಬ್ಸಾರ್ಬರ್, ಹೆಡ್‌ಲೈಟ್, ಟೈರಿನ ಗಾಳಿ, ಚೈನಿನ ಸಡಿಲ ನಾಲ್ಕನ್ನೂ ಮೊದಲಿನ ಮಟ್ಟಕ್ಕೆ ತನ್ನಿ.